ಕಿವಿಯಿಂದ ಅಡುಗೆ ಮಾಡುತ್ತಿದ್ದ ಕರಿಬಸಣ್ಣ

ಕರಿಬಸಣ್ಣ ಒಲೆಯ ಮುಂದೆ ನಿಂತರೆ ಮೂಗಿಗೆ ಕೆಲಸವಿರಲಿಲ್ಲ, ಕೆಲಸವೆಲ್ಲ ಕಿವಿಗೆ. ಪಾತ್ರೆಯ ಹತ್ತಿರ ತಲೆ ಬಾಗಿಸಿ, ಕಣ್ಣು ಮುಚ್ಚಿ, ಒಳಗೆ ಕುದಿಯುವ ಸದ್ದು ಕೇಳುತ್ತಿದ್ದರು. “ಈಗ ಲೊಟಲೊಟ ಅಂತೈತೆ, ಇನ್ನೂ ನೀರು ಐತೆ. ತಡೀರಿ, ಪುಸುಪುಸು ಅನ್ನಾಕೆ ಶುರು ಮಾಡ್ತೈತೆ. ಆವಾಗ ಉರಿ ಇಳಿಸ್ರಿ.” ಮೂವತ್ತು ವರ್ಷ ಲಾರಿ ಓಡಿಸಿದವರು ಅವರು. ಇಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಏನು ಸಡಿಲವಾಗಿದೆ ಎಂದು ಹೇಳುತ್ತಿದ್ದ ಕಿವಿಯದು. ಕೊರೊನಾ ಬಂದು ಹೋಗುವಾಗ ಅವರ ಮೂಗಿನ ವಾಸನೆಯನ್ನೂ ನಾಲಿಗೆಯ ರುಚಿಯನ್ನೂ ಒಟ್ಟಿಗೇ ಕಿತ್ತುಕೊಂಡು ಹೋಗಿತ್ತು. ಬೇರೆಯವರಾಗಿದ್ದರೆ ಅಡುಗೆಮನೆಗೆ ದೂರದಿಂದಲೇ ಕೈಮುಗಿಯುತ್ತಿದ್ದರು. ಇವರು ಕಿವಿಯನ್ನು ನಂಬಿಕೊಂಡು ಬೇಯಿಸಿದರು. ಉಪ್ಪು ನೋಡುವುದಕ್ಕೆ ಮಾತ್ರ ಕಿವಿ ಸಾಲದು, ಇನ್ನೊಬ್ಬರ ನಾಲಿಗೆಯೇ ಬೇಕು. ಆ ನಾಲಿಗೆ ನನ್ನ ಮಗಳದಾಯಿತು.

ನಾನು ಹೊನ್ನಾಳಿಯಲ್ಲಿ ಸರ್ವೇಯರ್. ಹೊಲದ ಬದುವಿನ ಮೇಲೆ ನಿಂತು ಅಣ್ಣತಮ್ಮಂದಿರ ಜಗಳ ಬಿಡಿಸಿ ಬಿಡಿಸಿ ನನ್ನ ಗಂಟಲೂ ದೊಡ್ಡದಾಗಿದೆ, ಸಿಟ್ಟೂ ದೊಡ್ಡದಾಗಿದೆ. ನನ್ನ ಹೆಂಡತಿ ಸುಮಾ ನರ್ಸು. ಅವಳಿಗೆ ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ವರ್ಗವಾದಾಗ ಮಗಳು ಸಹನಾಳಿಗೆ ಆರು ವರ್ಷ. ಸುಮಾಳಿಗೆ ಅಲ್ಲಿ ಹೊತ್ತುಗೊತ್ತಿಲ್ಲದ ಡ್ಯೂಟಿ. ಹಾಗಾಗಿ ಮಗಳು ನನ್ನ ಹತ್ತಿರ ಇರಲಿ, ತಾನು ಶನಿವಾರ ಶನಿವಾರ ಬಂದು ಹೋಗುತ್ತೇನೆ ಎಂದು ನಿರ್ಧಾರ ಮಾಡಿದಳು. ಅಡುಗೆಯೇನು ಮಹಾ, ಫೋನಿನಲ್ಲಿ ನೋಡಿಕೊಂಡರಾಯಿತು ಎಂದು ನಾನೂ ಮೀಸೆ ತಿರುವಿದೆ.

ಫೋನು ನೋಡಿ ಮಾಡಿದ್ದು ಒಂದೆರಡಲ್ಲ. ಕ್ಯಾರೆಟ್ಟನ್ನು ನಕ್ಷತ್ರ ಮಾಡಿದೆ. ಅನ್ನವನ್ನು ಕರಡಿಯ ಮುಖ ಮಾಡಿ, ಕಣ್ಣಿಗೆ ಎರಡು ಮೆಣಸಿನ ಕಾಳು ಚುಚ್ಚಿದೆ. ಮಗಳು “ಪಾಪ ಕರಡಿ” ಎಂದು ಅತ್ತಳೇ ಹೊರತು ಒಂದು ತುತ್ತು ತಿನ್ನಲಿಲ್ಲ. ಬಲವಂತ ಮಾಡಿದರೆ ತುತ್ತನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡು ಮುಕ್ಕಾಲು ಗಂಟೆ ಕೂರುತ್ತಿದ್ದಳು. ಹೆಸರೇನೋ ಸಹನಾ, ಸಹನೆಯಿಲ್ಲದ್ದು ಅವಳಪ್ಪನಿಗೆ. ನಾನು ಕಿರುಚುವುದು, ಅವಳು ಕಕ್ಕುವುದು, ಇದೇ ದಿನಚರಿಯಾಯಿತು.

ಎರಡು ತಿಂಗಳಾದ ಮೇಲೆ ಸುಮಾ ಮಗಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿದಳು. ತೂಕ ಕಡಿಮೆಯಾಗಿತ್ತು. ಮಗುವನ್ನು ಇಳಿಸಿದಳು. ಆಮೇಲೆ ಅಡುಗೆಮನೆಗೆ ಬಂದು, “ಶ್ರಾವಣದಲ್ಲಿ ಜಗಳೂರಿಂದ ನಮ್ಮಮ್ಮ ಬರ್ತಾರೆ. ಅಷ್ಟರಲ್ಲಿ ಇವಳು ಸರಿಯಾಗಿ ಉಣ್ಣಲಿಲ್ಲ ಅಂದ್ರೆ ಜಗಳೂರಿಗೆ ಕರ್ಕೊಂಡು ಹೋಗ್ಲಿ. ಅಲ್ಲೇ ಶಾಲೆಗೆ ಸೇರಿಸೋಣ,” ಅಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೆಂಡತಿ ಬಿಳಿಚೋಡಿನಲ್ಲಿ, ಮಗಳು ಜಗಳೂರಿನಲ್ಲಿ, ನಾನೊಬ್ಬನೇ ಇಲ್ಲಿ ಯಾರಿಗಾಗಿ ಬೀಗ ತೆಗೆಯಲಿ? ಅಪ್ಪನಿಗೆ ಮಗಳಿಗೊಂದು ತುತ್ತು ಉಣ್ಣಿಸುವ ಯೋಗ್ಯತೆಯಿಲ್ಲ ಎಂದು ಊರೆಲ್ಲ ಅಂದ ಹಾಗೆ ಅನಿಸಿತು.

ಕರಿಬಸಣ್ಣ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗ ಮಂಜಣ್ಣ ಚನ್ನಗಿರಿ ಕಡೆ ನಲ್ಲೂರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ. ಒಂದು ದಿನ ನನ್ನ ಕಿರುಚಾಟ ಕೇಳಲಾರದೆ ಕಾಂಪೌಂಡಿನಾಚೆಯಿಂದ ಇಣುಕಿದರು.

“ಏನ್ ಸಾಹೇಬ್ರೇ, ಕೂಸಿಗೆ ಉಣ್ಣಾಕೆ ನೀಡ್ತಿದೀರೋ, ಇಲ್ಲ ಹೊಲದ ಹದ್ದು ಅಳೀತಿದೀರೋ?”

“ನೀವೇ ಬಂದು ನೀಡಿ ನೋಡ್ರಿ, ಗೊತ್ತಾಗುತ್ತೆ,” ಎಂದೆ, ಉರಿದುಕೊಂಡು.

ಬಂದೇಬಿಟ್ಟರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಮಗಳ ಮುಖ ನೋಡಲಿಲ್ಲ, ತಟ್ಟೆ ನೋಡಿದರು. “ಅಬ್ಬಬ್ಬಾ, ಓವರ್‌ಲೋಡ್ ಮಾಡೀರಲ್ರಿ! ಹಿಂಗೆ ತುಂಬಿದ್ರೆ ಯಾವ ಗಾಡಿ ಘಾಟಿ ಹತ್ತತೈತೆ?” ಎನ್ನುತ್ತ ಅನ್ನವನ್ನೆಲ್ಲ ಪಾತ್ರೆಗೆ ವಾಪಸು ಸುರಿದರು. ಎರಡೇ ಚಮಚ ಉಳಿಸಿದರು. “ಇಷ್ಟು ಉಂಡ್ರೆ ಉಣ್ಣವ್ವ, ಬಿಟ್ರೆ ಬಿಡು,” ಎಂದು ನನ್ನ ಕಡೆ ತಿರುಗಿ ಮಳೆ ಬೆಳೆ ಮಾತಾಡತೊಡಗಿದರು. ಎರಡು ಚಮಚ ಯಾವಾಗ ಖಾಲಿಯಾಯಿತೋ ಗೊತ್ತಾಗಲಿಲ್ಲ.

ಮಾರನೆಯ ದಿನದಿಂದ ನನಗೆ ಪಾಠ ಶುರುವಾಯಿತು. ಅವರೇ ಮಾಡಿಕೊಡುತ್ತಾರೆಂದು ನಾನು ಆಸೆಪಟ್ಟಿದ್ದೆ. “ಸ್ಟೇರಿಂಗ್ ನಿಮ್ಮ ಕೈಯಾಗೇ ಇರ್ಲಿ, ನಾನು ಬರೇ ಕ್ಲೀನರ್ರು,” ಎಂದು ಕೈ ಹಿಂದೆ ಕಟ್ಟಿಕೊಂಡು ನಿಂತರು. ರಸ್ತೆ ಬದಿಯಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ, ಒಂದೇ ಪಾತ್ರೆಯಲ್ಲಿ ಮೂರು ಜನರ ಊಟ ಮುಗಿಸಿದ ಜನ ಅವರು. ಅವರ ಅಡುಗೆಯಲ್ಲಿ ಡಂಭವಿರಲಿಲ್ಲ. ಒಂದು ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ, ಮನೆಯಲ್ಲಿದ್ದ ತರಕಾರಿ ಸಣ್ಣಗೆ ಹೆಚ್ಚಿದ್ದು, ಚಿಟಿಕೆ ಅರಿಶಿನ, ಜೀರಿಗೆ. ಮೆತ್ತಗೆ ಬೆಂದ ಮೇಲೆ ತುಪ್ಪ. ಅದು ಹುಗ್ಗಿ. ನಿನ್ನೆಯ ದೋಸೆ ಹಿಟ್ಟು ಉಳಿದಿದ್ದರೆ ಈರುಳ್ಳಿ, ಕ್ಯಾರೆಟ್ ತುರಿ ಹಾಕಿ ಪಡ್ಡು. ಜೋಳದ ರೊಟ್ಟಿ ಮಾಡುವ ದಿನ ಒಂದು ಉಂಡೆ ಹಿಟ್ಟು ಸಹನಾಳಿಗೆ. ಅವಳು ಅಂಗೈಯಗಲ ತಟ್ಟಿದ್ದು ಭೂಪಟದ ಯಾವ ದೇಶದ ಹಾಗೆ ಬಂದರೂ ಬೇಯಿಸಲೇಬೇಕು. ಬೆಣ್ಣೆ, ಶೇಂಗಾ ಚಟ್ನಿಪುಡಿ ಹಚ್ಚಿ ಸುರುಳಿ ಸುತ್ತಿಕೊಟ್ಟರೆ ತಾನು ಮಾಡಿದ ರೊಟ್ಟಿಯನ್ನು ತಾನೇ ಬಿಡುತ್ತಾಳೆಯೇ?

“ಕೂಸಿಗೇ ಬ್ಯಾರೆ, ನಿಮಗೇ ಬ್ಯಾರೆ ಅಂತ ಮಾಡಾಕೆ ಹೋಗಬ್ಯಾಡ್ರಿ. ಸಾಕಾಗಿ ಒಂದಿನ ಹೋಟ್ಲಿಗೆ ಓಡ್ತೀರಿ. ಒಂದೇ ಪಾತ್ರೆ. ಮೊದ್ಲು ಕೂಸಿಂದು ತಗೀರಿ, ಆಮ್ಯಾಲೆ ನಿಮ್ಮ ಖಾರ ನೀವು ಸುರಕಳ್ರಿ.” ಇನ್ನೊಂದು ಮಾತನ್ನಂತೂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: “ಸಾಕು ಅಂದ್ರೆ ಸಾಕು. ನಾಳಿಗೂ ಹಸಿವಾಗತೈತೆ.”

ಒಲೆ ಆರಿಸುವ ಮುಂಚೆ ಸಹನಾಳನ್ನು ಕೂಗುತ್ತಿದ್ದರು. ಅವಳ ಅಂಗೈ ಮೇಲೆ ಸೌಟಿನಿಂದ ಒಂದು ತೊಟ್ಟು ಬಿಟ್ಟು, “ನೋಡವ್ವ, ನನ್ನ ನಾಲಿಗಿ ಕೆಟ್ಟೈತೆ. ಉಪ್ಪು ಹೆಂಗೈತೆ?” ಎಂದು ಕೇಳುತ್ತಿದ್ದರು. ಆಟವಲ್ಲ, ಅವರಿಗೆ ನಿಜಕ್ಕೂ ಗೊತ್ತಾಗುತ್ತಿರಲಿಲ್ಲ. ಅದು ಮಗುವಿಗೂ ಗೊತ್ತಿತ್ತು. ಹುಬ್ಬು ಗಂಟಿಕ್ಕಿ, ನೆಕ್ಕಿ, ಯೋಚಿಸಿ, “ಇನ್ನೊಂಚೂರು ಬೇಕು ಅಜ್ಜಾ,” ಎನ್ನುತ್ತಿದ್ದಳು. ದೊಡ್ಡವರೊಬ್ಬರು ತನ್ನ ಮಾತನ್ನು ನಂಬಿ ಉಪ್ಪು ಹಾಕುತ್ತಾರೆ ಎಂಬುದೇ ಅವಳಿಗೆ ಹೊಟ್ಟೆ ತುಂಬುವ ಸಂಗತಿ. ರುಚಿ ನೋಡುತ್ತ ನೋಡುತ್ತಲೇ ಅರ್ಧ ಊಟ ಆಗಿರುತ್ತಿತ್ತು.

ಇಷ್ಟಾದರೂ ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಹುಟ್ಟುಗುಣ. ಒಂದು ದಿನ ನ್ಯಾಮತಿ ಹತ್ತಿರ ಅಳತೆಗೆ ಹೋಗಿ, ಎರಡೂ ಕಡೆಯವರಿಂದ ಬೈಸಿಕೊಂಡು, ಬಿಸಿಲಲ್ಲಿ ಬೆಂದು ಮನೆಗೆ ಬಂದಿದ್ದೆ. ಸಹನಾ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಳು. “ತಿಂತೀಯೋ ಇಲ್ವೋ!” ಎಂದವನೇ ಕೆನ್ನೆಗೆ ಹೊಡೆದೆ. ಅವಳು ಅಳಲಿಲ್ಲ. ಗಬಗಬನೆ ಎಲ್ಲವನ್ನೂ ತಿಂದು ಮುಗಿಸಿ ತಟ್ಟೆ ತೋರಿಸಿದಳು. ನಾಚಿಕೆಯ ಮಾತು, ಆದರೂ ಹೇಳುತ್ತೇನೆ, ಆ ಖಾಲಿ ತಟ್ಟೆ ನೋಡಿ ನನಗೆ ಗೆದ್ದ ಹಾಗಾಯಿತು. ಪೆಟ್ಟಿಗೆ ಬಗ್ಗದವರು ಯಾರು ಎಂದು ಸಂಜೆ ಕರಿಬಸಣ್ಣನ ಮುಂದೆ ಕೊಚ್ಚಿಕೊಂಡೆ.

ಅವರು ಹಚ್ಚುತ್ತಿದ್ದ ಬೀಡಿಯನ್ನು ಹಾಗೇ ಕೆಳಗಿಟ್ಟರು. ನನ್ನ ಮೇಲೆ ರೇಗಲಿಲ್ಲ. ತಮ್ಮ ಮಗನ ಮಾತು ತೆಗೆದರು.

“ನಮ್ಮ ಮಂಜಗೆ ಆವಾಗ ಐದು ವರ್ಷ ರೀ. ನಾನು ಸೊಲ್ಲಾಪುರಕ್ಕೆ ಹೋದವನು ಇಪ್ಪತ್ತು ದಿನಕ್ಕೆ ಮನಿಗೆ ಬಂದಿದ್ದೆ. ಮಗನಿಗೆ ನಾನೇ ಉಣ್ಣಿಸ್ಬೇಕು ಅಂತ ಆಸೆ. ಅವ, ಅಪ್ಪಾರು ಬ್ಯಾಡ, ಅವ್ವ ಬೇಕು ಅಂದ. ನಂಗೆ ಎಲ್ಲಿತ್ತೋ ಸಿಟ್ಟು. ಮೂಗು ಹಿಡಿದು ಬಾಯಿಗೆ ತುರುಕಿ ಹೊಡೆದೆ. ಪೂರಾ ಉಂಡ, ಒಂದು ಅಗಳು ಬಿಡಲಿಲ್ಲ. ನಾನೂ ನಿಮ್ಮಂಗೇ ಗೆದ್ದೆ ಅಂದ್ಕಂಡೆ. ಮರುದಿನ ತಟ್ಟೆ ಎತ್ಕಂಡು ಹಿತ್ಲಿಗೆ ಹೋದ. ಅವತ್ತು ಹೋದವ ಇವತ್ತಿಗೂ ಬಂದಿಲ್ಲ ಸಾಹೇಬ್ರೇ.”

ನನಗೆ ಅರ್ಥವಾಗಲಿಲ್ಲ. “ಮಂಜಣ್ಣ ತಿಂಗಳಿಗೊಂದು ಸಲ ಬಂದು ಹೋಗ್ತಾರಲ್ಲ?” ಎಂದೆ.

“ಬರ್ತಾನೆ. ಒಳ್ಳೇ ಮಗ. ಹಬ್ಬಕ್ಕೆ ಬಟ್ಟೆ ತರ್ತಾನೆ, ಜ್ವರ ಬಂದ್ರೆ ಓಡಿ ಬರ್ತಾನೆ. ಆದ್ರೆ ನನ್ನ ಮುಂದೆ ಕುಂತು ಒಂದು ತುತ್ತು ಉಂಡಿಲ್ಲ. ಈಗ ಮೂವತ್ತೆಂಟು ಅವನಿಗೆ. ಅವ ಬೇಕಂತ ಮಾಡಲ್ಲ, ಗಂಟ್ಲಾಗ ಇಳಿಯಲ್ಲ ಅವನಿಗೆ. ನಾನು ಅಲ್ಲಿದ್ರೆ ಅವನ ಮಕ್ಳೂ ಅವನೂ ಬ್ಯಾರೆ ಬ್ಯಾರೆ ಉಣ್ಬೇಕಾಗತೈತೆ. ಅದಕ್ಕೇ ಇಲ್ಲಿ ಇದೀನಿ.”

ಸಹನಾ ಆಗಲೇ ಮಲಗಲು ಹೋಗಿದ್ದಳು. ಅವಳ ಪಕ್ಕ ಕೂತು, “ಅಪ್ಪ ತಪ್ಪು ಮಾಡಿದೆ ಕಣವ್ವ, ಇನ್ನು ಹೊಡೆಯಲ್ಲ,” ಎಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ನನಗೆ ಭಯವಾಯಿತು. ಅವಳು ಜಗಳೂರಿಗೆ ಹೋಗುವುದಕ್ಕಿಂತ ನನ್ನ ಕಣ್ಣೆದುರೇ ಇದ್ದು ದೂರವಾಗುವುದು ದೊಡ್ಡ ಭಯ. ನಾಲ್ಕು ದಿನ ಅವಳು ನನ್ನ ಮುಂದೆ ಬಾಯಿ ತೆರೆಯಲಿಲ್ಲ. ಐದನೆಯ ದಿನ ನಾನು ಒಬ್ಬನೇ ತಿಣುಕಾಡಿ ರೊಟ್ಟಿ ತಟ್ಟುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡಿದಳು. “ಅಂಚು ಒಡೀತಾ ಇದೆ ಅಪ್ಪಾ, ನೀರು ಮುಟ್ಟಿಸ್ಕೋ,” ಅಂದಳು. ಹೋದ ಜೀವ ಬಂತು.

ಶ್ರಾವಣದ ಎರಡನೆಯ ಸೋಮವಾರ ನಮ್ಮತ್ತೆ ಬಂದಿಳಿದರು. ಮೊಮ್ಮಗಳ ಬಟ್ಟೆ ತುಂಬಲು ಖಾಲಿ ಚೀಲವೊಂದನ್ನು ಜೊತೆಗೇ ತಂದಿದ್ದರು. ನಾನು ಗಾಬರಿಯಲ್ಲಿ ಹುಗ್ಗಿ ಮಾಡಿ, ಅಭ್ಯಾಸಬಲದಿಂದ ಸಹನಾಳ ಅಂಗೈಗೆ ಒಂದಿಷ್ಟು ಹಾಕಿದೆ.

“ಅಯ್ಯೋ ಶಿವನೇ! ಎಡೆ ಹಿಡಿಯಾಕೆ ಮೊದ್ಲೇ ಎಂಜಲು ಮಾಡ್ಸಿದ್ರೇನ್ರಿ? ಶ್ರಾವಣ ಸೋಮವಾರ!” ಎಂದು ಅತ್ತೆ ಹೌಹಾರಿದರು.

ದೇವರಿಗೆ ಎಡೆಯಾಗುವ ತನಕ ಅಡುಗೆಗೆ ನಾಲಿಗೆ ತಾಕಿಸಬಾರದು ಎಂಬುದು ನಮ್ಮ ಮನೆಗಳಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನಾನು ಮರೆತೇ ಬಿಟ್ಟಿದ್ದೆ. ಗಲಾಟೆ ಕೇಳಿ ಬಂದ ಕರಿಬಸಣ್ಣ ಕೈಮುಗಿದರು. “ತಪ್ಪು ನಂದು ಅವ್ವಾರೆ. ನನ್ನ ನಾಲಿಗಿ ಕೆಟ್ಟೈತೆ ಅಂತ ಕೂಸಿನ ನಾಲಿಗಿ ಎರವಲು ತಗಂಡಿದ್ದೆ. ಎಡಿಗೆ ಬ್ಯಾರೆ ಮಾಡಿದ್ರಾತು.” ಅತ್ತೆ ಸೆರಗು ಸಿಕ್ಕಿಸಿ, “ನೀವ್ಯಾರೂ ಒಳಗೆ ಬರಬ್ಯಾಡ್ರಿ,” ಎಂದು ತಾವೇ ಹೊಸದಾಗಿ ಹುಗ್ಗಿ ಮಾಡಿದರು. ಎಡೆಯಾಯಿತು. ಊಟಕ್ಕೆ ಕೂತೆವು. ಅತ್ತೆ ಮೊಮ್ಮಗಳ ತಟ್ಟೆಗೆ ಸೌಟಿನ ಮೇಲೆ ಸೌಟು ನೀಡಿದರು.

“ಅಜ್ಜೀ, ಓವರ್‌ಲೋಡ್!” ಎಂದಳು ಸಹನಾ. ಆಮೇಲೆ ಒಂದು ತುತ್ತು ಬಾಯಿಗಿಟ್ಟು, ಹುಬ್ಬು ಗಂಟಿಕ್ಕಿ, “ಉಪ್ಪೇ ಹಾಕಿಲ್ಲ ನೀನು.”

ಅತ್ತೆ ತಾವೂ ಬಾಯಿಗಿಟ್ಟುಕೊಂಡರು. ಸಿಟ್ಟಿನ ಭರದಲ್ಲಿ ನಿಜಕ್ಕೂ ಮರೆತಿದ್ದರು.  ಮೊದಲು ನಕ್ಕವರು ಅತ್ತೆಯೇ. ಸಹನಾ ಎದ್ದು ಉಪ್ಪಿನ ಡಬ್ಬಿ ತಂದು, “ಸ್ವಲ್ಪ ಸ್ವಲ್ಪ ಹಾಕು, ನಾನು ಹೇಳ್ತೀನಿ,” ಎಂದು ಅಜ್ಜಿಯ ಪಕ್ಕ ಕೂತಳು. ಹೇಳುತ್ತ ಹೇಳುತ್ತ ಉಂಡಳು, ನನ್ನ ಎದುರಿಗೇ ಕೂತು ಇನ್ನೊಂದು ಸಲ ನೀಡಿಸಿಕೊಂಡಳು. ಸಂಜೆ ಅತ್ತೆ ಆ ಚೀಲಕ್ಕೆ ನಮ್ಮ ಹಿತ್ತಲ ನುಗ್ಗೆಕಾಯಿ ತುಂಬಿಕೊಂಡು ಜಗಳೂರಿಗೆ ಹೊರಟರು. “ಇಲ್ಲೇ ಇರ್ಲಿ ಬಿಡ್ರಿ,” ಎಂದಷ್ಟೇ ಹೇಳಿದರು.

ಮೂರು ವರ್ಷ ಹೀಗೇ ನಡೆಯಿತು. ಹೋದ ವರ್ಷ ಕರಿಬಸಣ್ಣ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಒಬ್ಬರೇ ಇರುವಂತಿರಲಿಲ್ಲ. ಮಂಜಣ್ಣ ಓಮ್ನಿ ತಂದ. ಅದೇ ನಮ್ಮ ಕೊನೆಯ ಭೇಟಿ. ಮೂರು ತಿಂಗಳಿಗೆ ನಲ್ಲೂರಿನಿಂದ ಸುದ್ದಿ ಬಂತು, ಮಣ್ಣಿಗೆ ಹೋಗಿ ಬಂದೆ. ಆದರೆ ಕಣ್ಣ ಮುಂದೆ ನಿಲ್ಲುವುದು ಅವರು ಹೊರಟ ಆ ಮಧ್ಯಾಹ್ನವೇ.

ಉಂಡು ಹೋಗಿ ಎಂದು ನಾನೂ ಸಹನಾಳೂ ಹಟ ಹಿಡಿದು ಕರೆತಂದೆವು. ಕರಿಬಸಣ್ಣನನ್ನು ಕಿಟಕಿಯ ಪಕ್ಕದ ಮಂಚದ ಮೇಲೆ ಕೂರಿಸಿದೆವು. ಮಂಜಣ್ಣನನ್ನು ಎಷ್ಟು ಕರೆದರೂ ಒಳಗೆ ಬರಲಿಲ್ಲ. “ಹಸಿವಿಲ್ಲ ಸರ್,” ಎಂದು ಗಾಡಿಗೆ ಒರಗಿ ನಿಂತ. ಸಹನಾ ನನ್ನ ಮುಖ ನೋಡಿದಳು. ನಾನೇನೂ ಹೇಳಿಕೊಡಲಿಲ್ಲ. ತಾನೇ ಒಂದು ತಟ್ಟೆಯಲ್ಲಿ ಸ್ವಲ್ಪವೇ ಹುಗ್ಗಿ ಹಾಕಿಕೊಂಡು ಹೊರಗೆ ಹೋದಳು.

ಕರಿಬಸಣ್ಣ ತಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದರು. “ಉಣ್ತಾನೇನ್ರಿ?” ಎಂದು ಪಿಸುಗುಟ್ಟಿದರು.

ನಾನು ಕಿಟಕಿಯಿಂದ ನೋಡಿದೆ. ಮಂಜಣ್ಣ ಓಮ್ನಿಯ ತೆರೆದ ಬಾಗಿಲಲ್ಲಿ ಕೂತು, ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾಲ್ಕು ಮಾರು ದೂರ, ಕಿಟಕಿಗೆ ನೇರವಾಗಿ. “ಉಣ್ತಿದಾರೆ. ನೀವೇ ನೋಡ್ರಿ,” ಎಂದೆ.

ಅವರು ತಟ್ಟನೆ ಮುಖವನ್ನು ಒಳಗೋಡೆಯ ಕಡೆ ತಿರುಗಿಸಿಕೊಂಡರು. “ಬ್ಯಾಡ ಸಾಹೇಬ್ರೇ. ನಾನು ನೋಡಿದ್ದು ಗೊತ್ತಾದ್ರೆ ತಟ್ಟೆ ಇಟ್ಟುಬಿಡ್ತಾನೆ. ಉಣ್ಲಿ.”

ಸ್ವಲ್ಪ ಹೊತ್ತಿಗೆ ಸಹನಾ ಖಾಲಿ ತಟ್ಟೆ ಹಿಡಿದು ಓಡಿ ಬಂದಳು. “ಅಜ್ಜಾ, ಮಾಮ ಇನ್ನೊಂದು ಸಲ ನೀಡು ಅಂದ್ರು!”

“ನೀಡವ್ವ,” ಅಂದರು ಕರಿಬಸಣ್ಣ. ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. “ಕೇಳ್ತಾನಂತೆ, ನೀಡು.”