ಪದ್ಮವ್ವ ಬಸ್ಸಿನಲ್ಲಿದ್ದರು

ದೆವ್ವ, ಶಕುನ, ಕನಸಿನ ಸೂಚನೆ ಎಲ್ಲವೂ ನನಗೆ ನಗುವ ವಿಷಯಗಳಾಗಿದ್ದವು. ಮನೆಯಲ್ಲಿ ಯಾರಾದರೂ ಇಂಥ ಮಾತು ತೆಗೆದರೆ "ಮೊದಲು ಬಿಪಿ ನೋಡಿಸಿಕೊಳ್ಳಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಅನ್ನುವುದಿಲ್ಲ. ಹಾಗೆಂದು ನಂಬುತ್ತೇನೆ ಅಂತಲೂ ಅಲ್ಲ.

ಹೆಂಗಸರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವುದು ನನ್ನ ಕೆಲಸ. ಹೆರಿಗೆಯ ನಂತರ ಮೂತ್ರ ತಡೆಯಲಾಗದೆ ಒದ್ದಾಡುವವರು ಬಹಳ. ಬಾಯಿಬಿಟ್ಟು ಹೇಳುವವರು ಕಡಿಮೆ. ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂಬುದನ್ನು ಡಾಕ್ಟರಲ್ಲ, ಆ ಹೆಂಗಸೇ ಹೇಳಬೇಕು ಎಂಬುದು ನಮ್ಮ ಪಟ್ಟು. ಹಾಗಾಗಿ ಎಲ್ಲರನ್ನೂ ಕೇಳುತ್ತಿದ್ದೆ: ಏನಾದರೆ ನಿಮಗೆ ಗುಣವಾದಂತೆ? ಖಾನಾಪುರದಾಚೆ ನಂದಗಡದಲ್ಲಿದ್ದ ಪದ್ಮವ್ವ ಸ್ವಲ್ಪವೂ ಯೋಚಿಸಲಿಲ್ಲ.

"ನಡುವ ಎಲ್ಲೂ ಇಳೀದಂಗ ಬಸ್ಸಿನ್ಯಾಗ ಬೆಳಗಾವಿಗೆ ಹೋಗಿ ನಮ್ಮವ್ವನ ಬಾಜೂಕ ಕುಂದರಬೇಕ್ರಿ ಅಕ್ಕಾರ. ಅಷ್ಟಾದ್ರ ಸಾಕ್ರಿ."

ಅವರ ತಾಯಿ ರಾಮತೀರ್ಥ ನಗರದಲ್ಲಿ, ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು.

ಚಿಕಿತ್ಸೆ ಶುರುವಾಗಿ ಕೆಲವು ತಿಂಗಳಾಗಿತ್ತು. ಒಂದು ಸೋಮವಾರ ಸಂಜೆ ಖಾನಾಪುರದಲ್ಲಿ ಬೆಳಗಾವಿ ಬಸ್ ಹತ್ತಿದೆ. ಮುಂದೆ ಕಿಟಕಿಯ ಪಕ್ಕ ಪದ್ಮವ್ವ ಕುಳಿತಿದ್ದರು. ತಿರುಗಿ ನನ್ನನ್ನು ನೋಡಿ ನಕ್ಕರು. ನಿಲ್ಲಲೂ ಜಾಗವಿಲ್ಲದ ಬಸ್ಸು. ಉದ್ಯಮಬಾಗದಲ್ಲಿ ಕಾರ್ಖಾನೆ ಬಿಟ್ಟವರೂ ತುಂಬಿಕೊಂಡರು. ಹತ್ತಿರ ಹೋಗಲಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವರು ಇಳಿದು ಆರಾಮಾಗಿ ನಡೆದುಹೋಗುವುದನ್ನು ನೋಡಿ ಹಿಗ್ಗಿದೆ. ಮರುದಿನ ಹೇಗಿದ್ದೀರಿ ಎಂದು ಅವರಿಗೆ ಫೋನ್ ಮಾಡುವುದಿತ್ತು. ಕಣ್ಣಾರೆ ಕಂಡಿದ್ದೇನಲ್ಲ, ಇನ್ನೇನು ಕೇಳುವುದು ಎಂದು ಬಿಟ್ಟೆ.

ಮುಂದಿನ ವಾರ ನಂದಗಡಕ್ಕೆ ಹೋದಾಗ ಪದ್ಮವ್ವನ ಕಣ್ಣುಗಳು ಬಾತುಕೊಂಡಿದ್ದವು. ತಾಯಿ ತೀರಿಕೊಂಡಿದ್ದರು. "ಸೋಮವಾರ ಹೋಗಿ ನೋಡಿಬಂದಿರಲ್ಲ, ನಾನೂ ಅದೇ ಬಸ್ಸಿನಲ್ಲಿದ್ದೆ" ಎಂದು ಸಮಾಧಾನ ಹೇಳಿದೆ.

ಅವರ ಅತ್ತೆ ನನ್ನ ಮುಖವನ್ನೇ ನೋಡಿದರು. "ಎಲ್ಲಿ ಹೋಗ್ಯಾಳ್ರಿ? ಗುಣಾನ ಆಗಿಲ್ಲ. ನಾಚಿಕಿಗೆ ನಿಮ್ಮ ಮುಂದ ಹೇಳಿಲ್ಲ. ಸೋಮವಾರ ಸಂಜಿ ನನ್ನ ಜೋಡಿ ಇಲ್ಲೇ ಶೇಂಗಾ ಸುಲಕೋತ ಕುಂತಿದ್ಲು." ಆಮೇಲೆ ದನಿ ತಗ್ಗಿಸಿದರು. "ಅವತ್ತ ಸಂಜಿ ಬೆಳಗಾವ್ಯಾಗ ಬೀಗತಿ, 'ನಮ್ಮ ಪದ್ಮಿ ಬಂದಾಳ, ಚಾ ಕೊಡ್ರಿ' ಅಂದಳಂತ. ಜ್ವರದಾಗ ಬಡಬಡಸ್ತಾಳ ಅಂತ ಮಾಡಿದ್ರಂತ."

ಬಸ್ಸಿನಲ್ಲಿ ಬೇರೆ ಯಾರನ್ನೋ ಕಂಡಿರಬಹುದು ಎಂದು ನೂರು ಸಲ ಅಂದುಕೊಂಡಿದ್ದೇನೆ. ಆದರೆ ಆ ನಗು ನನ್ನತ್ತಲೇ ಬೀರಿದ್ದು. ಅದಕ್ಕಿಂತ ಹೆಚ್ಚು ಕೊರೆಯುವುದು ಇನ್ನೊಂದು. ತಾಯಿ ಗುರುವಾರದವರೆಗೂ ಜೀವ ಹಿಡಿದಿದ್ದರು. ಮಂಗಳವಾರ ಫೋನ್ ಮಾಡಿ ಬಸ್ಸಿನ ಮಾತು ತೆಗೆದಿದ್ದರೆ ಪದ್ಮವ್ವ ಹೋಗೇ ಇಲ್ಲ, ಗುಣವಾಗಿಲ್ಲ ಎಂದು ತಿಳಿಯುತ್ತಿತ್ತು. ಒಂದು ಕಾರು ಮಾಡಿ, ಬೇಕೆಂದಲ್ಲೆಲ್ಲ ನಿಲ್ಲಿಸುತ್ತ, ನಾನೇ ಕರೆದೊಯ್ಯುತ್ತಿದ್ದೆ.

ಆ ದಿನ ಪದ್ಮವ್ವ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಒಂದೇ ಮಾತು ಕೇಳಿದರು.

"ಖರೇನ ನಾ ಹೋಗಿದ್ನೇನ್ರಿ ಅಕ್ಕಾರ? ಮತ್ತ ಅವ್ವನ ಮಾರಿ ನನಗ್ಯಾಕ ಕಾಣಲಿಲ್ಲ?"