ಕ್ಯಾರಿಯರ್ ಬಿಚ್ಚಿದ ಸೈಕಲ್ಲು

ಅಣ್ಣ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗು ಮಾಡಿ ನಿಲ್ಲಿಸಿ ಮೊದಲು ಮಡ್‌ಗಾರ್ಡ್ ಬಿಚ್ಚಿದ. ನಾನು ಸುಮ್ಮನಿದ್ದೆ. ಚೈನ್ ಕವರ್ ಬಿಚ್ಚಿದ, ಸ್ಟ್ಯಾಂಡು ಬಿಚ್ಚಿದ, ಬೆಲ್ಲು ಬಿಚ್ಚಿದ. ಆಗಲೂ ಸುಮ್ಮನಿದ್ದೆ. ಹಿಂದಿನ ಕ್ಯಾರಿಯರ್‌ಗೆ ಸ್ಪ್ಯಾನರ್ ಹಾಕಿದಾಗ ಮಾತ್ರ ಕೈಯಲ್ಲಿದ್ದ ಮೊರವನ್ನು ಜಗಲಿ ಮೇಲೆ ಕುಕ್ಕಿ ಎದ್ದೆ. ಅದು ನನ್ನ ಜಾಗ. ವರ್ಷಗಟ್ಟಲೆ ನಾನು ಕೂತೂ ಕೂತೂ ಅದರ ಕಬ್ಬಿಣ ನುಣ್ಣಗಾಗಿತ್ತು.

"ಅದನ್ಯಾಕಣ್ಣ ಬಿಚ್ತೀಯೆ?" ಅಂತ ಅವನ ಮುಖದೆದುರು ಹೋಗಿ ಕೇಳಿದೆ. ಎದುರು ಹೋಗಲೇಬೇಕು, ಅಣ್ಣನಿಗೆ ಕಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ಎರಡೂ ಕಿವಿಯನ್ನು ತೆಗೆದುಕೊಂಡು ಹೋಯಿತು. ಅಷ್ಟು ಹೊತ್ತಿಗೆ ಕಲಿತಿದ್ದ ಮಾತು ಉಳಿಯಿತು. ನಮ್ಮ ತುಟಿ ನೋಡಿ ಮಾತು ಹಿಡಿಯುತ್ತಾನೆ. ತಾನು ಮಾತ್ರ ಊರಿಗೆಲ್ಲ ಕೇಳಿಸುವ ಹಾಗೆ ಮಾತಾಡುತ್ತಾನೆ.

"ತೂಕ ಕಣಮ್ಮಿ! ಬೆಟ್ಟ ಅತ್ತಬೇಕು. ರೇಸ್‌ಗೆ ಇದೆಲ್ಲ ಬ್ಯಾಡ," ಅಂದ.

ಇದೆಲ್ಲ ಅಂದರೆ ನಾನು. ಮೈಯೆಲ್ಲ ಉರಿದುಹೋಯಿತು.

ಹೊರಗಿನ ಊರಿನ ಒಂದು ಸೈಕಲ್ ಕ್ಲಬ್ಬಿನ ಹುಡುಗರು ಆ ವರ್ಷ ಬೆಟ್ಟದ ರೇಸು ಇಟ್ಟಿದ್ದರು. ನಮ್ಮ ಕಡೆ ಇನ್ನೂ ಎಲ್ಲರ ಜೇಬಿಗೂ ಮೊಬೈಲು ಬಂದಿರದ ಕಾಲ. ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಹೊರಟು, ಹನೂರು ದಾಟಿ, ಕಾಡಿನೊಳಗಿನ ರಸ್ತೆಯಲ್ಲಿ ಬೆಟ್ಟ ಹತ್ತಿ ಇಳಿದು, ಸಂಜೆಯೊಳಗೆ ಹನೂರಿಗೆ ವಾಪಸ್ಸು ಬರಬೇಕು. ಅಣ್ಣ ಹನೂರಿನ ಒಂದು ರೈಸ್‌ಮಿಲ್ಲಿನಲ್ಲಿ ಫಿಟ್ಟರ್. ದಾರಿ ನೋಡಿಕೊಂಡು ಹೋಗಲು ಬಂದ ಆ ಹುಡುಗರು ಮಿಲ್ಲಿನ ಮುಂದೆ ನಿಂತಿದ್ದಾಗ ಇವನು ತನ್ನ ಕರೀ ಸೈಕಲ್ಲಿನಲ್ಲೇ ಅವರ ಜೊತೆ ಒಂದು ಏರು ತುಳಿದು ತೋರಿಸಿದನಂತೆ. "ನೀವೂ ಬನ್ನಿ ಸರ್" ಅಂದರಂತೆ. ಮುಗಿಯಿತು ಕಥೆ. ಮದುವೆ ಗಂಡಿಗೂ ಇರದಷ್ಟು ಸಡಗರ ನಲವತ್ತರ ಹತ್ತಿರದ ಈ ಮನುಷ್ಯನಿಗೆ.

ನನಗೆ ಇದು ಯಾಕೆ ಬೇಡವಾಗಿತ್ತು ಅನ್ನುವುದನ್ನು ಹೇಳಬೇಕಾದರೆ ಹಿಂದಕ್ಕೆ ಹೋಗಬೇಕು. ನಮ್ಮದು ಒಡೆಯರಪಾಳ್ಯದ ಕಡೆ ಕಾಡಂಚಿನ ಹಳ್ಳಿ. ಹನೂರಿಗೆ ಬರುವ ದಾರಿಯಲ್ಲಿ ಕಾಡು, ಕಾಡಿನ ಬಾಯಿಗೆ ಒಂದು ಚೆಕ್‌ಪೋಸ್ಟು. ತೊಂಬತ್ತರ ದಶಕದ ಮೊದಲಿಗೆ ಆ ಕಾಡಿನಲ್ಲಿ ಒಬ್ಬನಿಗಾಗಿ ಹುಡುಕಾಟ ನಡೆಯುತ್ತಿತ್ತು. ಅವನ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಸಂತೆಗೆ ಹೋಗುವವರೂ ಗೇಟಿನಲ್ಲಿ ಇಳಿದು ಚೀಲ ಬಿಚ್ಚಿ ತೋರಿಸಬೇಕು. ಒಂದು ಸಂಜೆ ಅಣ್ಣ ಒಬ್ಬನೇ ಬರುತ್ತಿದ್ದಾನೆ. ಗೇಟು ಎತ್ತಿದೆ. ಬದಿಯ ಮರದ ಕೆಳಗಿಂದ ಹೊಸದಾಗಿ ಬಂದಿದ್ದ ಪೇದೆ "ನಿಲ್ಲೋ" ಅಂತ ಕೂಗಿದ್ದಾನೆ. ಇವನಿಗೆಲ್ಲಿ ಕೇಳಬೇಕು? ತುಳಿಯುತ್ತಲೇ ಹೋದ. ಮತ್ತೆ ಕೂಗಿ, ಬಂದೂಕು ಎತ್ತಿದ್ದಾನೆ. ಪಕ್ಕದ ಟೀ ಅಂಗಡಿಯವಳು "ಬ್ಯಾಡಿ ಸಾ, ಕಿವುಡ ಕಣ್ ಸಾ, ನಮ್ಮೂರವ್ನು ಕಣ್ ಸಾ" ಅಂತ ಬಾಯಿ ಬಡಿದುಕೊಂಡು ಬಂದೂಕಿಗೆ ಅಡ್ಡ ಓಡಿದಳಂತೆ. ಅಣ್ಣನಿಗೆ ಇದೊಂದೂ ಗೊತ್ತಿಲ್ಲ. ಮನೆಗೆ ಬಂದು, ಮುದ್ದೆ ಉಂಡು, ಮಲಗಿದ. ಮಾರನೇ ದಿನ ಅವಳೇ ಬಂದು ಹೇಳಿದಾಗ ಅವ್ವ ಗೋಡೆಗೆ ಒರಗಿ ಹಾಗೇ ಕುಸಿದಳು.

"ನಾಳೆಯಿಂದ ನೀನು ಅವನ ಇಂದೆ ಕೂತ್ಕ," ಅಂದಳು ಅವ್ವ ನನಗೆ.

ಹಾಗೆ ನಾನು ಕ್ಯಾರಿಯರ್ ಹತ್ತಿದೆ. ಹತ್ತನೇ ಕ್ಲಾಸು ಮುಗಿದಿತ್ತು, ಹನೂರಿನಲ್ಲಿ ಒಂದು ಟೈಲರಿಂಗ್ ಅಂಗಡಿಗೆ ಸೇರಿಕೊಂಡೆ. ಬೆಳಿಗ್ಗೆ ಅವನ ಜೊತೆ ಹೋಗುವುದು, ಸಂಜೆ ಅವನ ಜೊತೆ ಬರುವುದು. ನಮ್ಮದೇ ಸನ್ನೆಗಳಾದವು. ಬಲ ಹೆಗಲಿಗೆ ತಟ್ಟಿದರೆ ಹಿಂದೆ ಗಾಡಿ ಬರ್ತಿದೆ, ಪಕ್ಕಕ್ಕೆ ಹೋಗು. ಷರ್ಟು ಹಿಡಿದು ಜಗ್ಗಿದರೆ ನಿಲ್ಲು. ಎರಡೂ ಅಂಗೈ ಬೆನ್ನಿಗೆ ಒತ್ತಿ ಹಿಡಿದರೆ ಆನೆ, ಉಸಿರು ಬಿಡಬೇಡ. ಹೊರಡು ಅನ್ನುವುದಕ್ಕೆ ಸನ್ನೆ ಇರಲಿಲ್ಲ. ಅದರ ಅಗತ್ಯವೇ ಬಿದ್ದಿರಲಿಲ್ಲ. ಅವನು ಹೊರಟೇ ಇರುತ್ತಿದ್ದ, ತಡೆಯುವುದಷ್ಟೇ ನನ್ನ ಕೆಲಸ.

ಹೆಣ್ಣು ನೋಡಲು ಬಂದವರು ಇರಲಿಲ್ಲವೆಂದಲ್ಲ. ಶಾಗ್ಯದ ಕಡೆಯಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. "ಇವಳ್ನ ಕೊಟ್ಬುಟ್ರೆ ಅವನಿಗೆ ಕಿವಿ ಯಾರು?" ಅಂದಳು ಅವ್ವ. ನಾನೇನೂ ಅತ್ತು ಕರೆಯಲಿಲ್ಲ. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ಒಳಗೊಳಗೇ ಹೆಮ್ಮೆಯಾಗಿತ್ತು.

ಅಂಥ ಕ್ಯಾರಿಯರ್ ಈಗ ಹಟ್ಟಿ ಮೂಲೆಯಲ್ಲಿ, ಕೋಳಿ ಗೂಡಿನ ಮೇಲೆ ಬಿತ್ತು.

ಭಾನುವಾರ ಕೊಳ್ಳೇಗಾಲಕ್ಕೆ ಸಾಮಾನು ತರಲು ಹೋದೆವು. ನಾನು ಮುಖ ಊದಿಸಿಕೊಂಡೇ ಹೋದೆ. ಹೋಗದಿದ್ದರೆ ಅಂಗಡಿಯವನ ಬೆಲೆ ಕೇಳುವವರು ಯಾರು? ಅಣ್ಣ ಹಿಂಚಕ್ರಕ್ಕೆ ಹೆಚ್ಚು ಹಲ್ಲಿನ ಫ್ರೀವೀಲ್ ಆರಿಸಿದ. ಏರಿಗೆ ಸಲೀಸು, ಆದರೆ ಸಮತಟ್ಟಿನಲ್ಲಿ ಕಾಲು ಸುಮ್ಮನೆ ಗಿರಿಗಿರಿ ತಿರುಗುತ್ತದೆ. ಒಂದೊಂದು ಫ್ರೀವೀಲನ್ನೂ ಬೆರಳಲ್ಲಿ ತಿರುಗಿಸಿ ಗಲ್ಲದ ಮೂಳೆಗೆ ಒತ್ತಿ ನೋಡುತ್ತಿದ್ದ. ಒಳಗಿನ ಕಟಕಟ ಅವನಿಗೆ ಮೂಳೆಯಲ್ಲಿ ಗೊತ್ತಾಗುತ್ತದೆ. ಅಂಗಡಿಯಲ್ಲಿದ್ದವರು ನಕ್ಕರು. "ನಿಮಗೇನ್ರಿ ಕಷ್ಟ?" ಅಂತ ನಾನು ಒಂದು ಬಿಟ್ಟೆ, ಬಾಯಿ ಮುಚ್ಚಿಕೊಂಡರು. ಬ್ರೇಕಿಗೆ ಹೊಸ ರಬ್ಬರ್, ಎರಡು ಟ್ಯೂಬು, ಕೈಪಂಪು, ಹೆಲ್ಮೆಟ್ಟು. ಕ್ಲಬ್ಬಿನವರು ಪ್ರತಿಯೊಬ್ಬನೂ ಒಂದು ವಿಷಲ್ ಇಟ್ಟುಕೊಳ್ಳಲೇಬೇಕು ಅಂದಿದ್ದರು. ಕಾಡಲ್ಲಿ ಬಿದ್ದರೆ ಊದಲು, ಇನ್ನೊಬ್ಬ ಊದಿದರೆ ನಿಲ್ಲಲು. ಅಯ್ಯೋ ಶಿವನೇ, ಇವನಿಗೆ ವಿಷಲ್ಲು! ಕೊರಳಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಊದಿಯೇ ಊದಿದ. ಮೂರು ಬಸ್ಸಿನ ಡ್ರೈವರುಗಳು ತಿರುಗಿ ನೋಡಿದರು. ಸಿಟ್ಟಿನ ನಡುವೆಯೂ ನಗು ತಡೆಯಲಾಗಲಿಲ್ಲ.

ಕನ್ನಡಿಯನ್ನು ನಾನೇ ಕೊಡಿಸಿದೆ. ಹ್ಯಾಂಡಲ್ಲಿಗೆ ಹಾಕುವ ದುಂಡು ಕನ್ನಡಿ. ನನ್ನ ಬದಲಿಗೆ.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಆದರೆ ಮಿಲ್ಲಿಗೆ ಬಂದ ಯಾರೋ ಯಳಂದೂರಿನಲ್ಲಿ ಒಬ್ಬರ ಹತ್ತಿರ ಗೇರ್ ಸೈಕಲ್ಲಿದೆ, ಬೆಟ್ಟದ ಎಸ್ಟೇಟಿನ ಕೆಲಸ ಬಿಟ್ಟು ಬಂದವರು, ಕೇಳಿದರೆ ಕೊಡುತ್ತಾರೆ ಅಂದರು. ಮುಂದಿನ ರಜೆಗೆ ಅಲ್ಲಿಗೂ ಹೋದೆವು. ವಯಸ್ಸಾದವರು, ಒಳ್ಳೆಯವರು. "ಮೂಲೇಲಿ ಧೂಳು ಹಿಡೀತಾ ಅದೆ, ರೇಸ್ ಮುಗಿಸ್ಕಂಡು ತಂದ್ಕೊಡ್ರಪ್ಪ," ಅಂದರು. ದಪ್ಪ ದಪ್ಪ ಟೈರು, ಮುಂದಿನ ಫೋರ್ಕಿಗೆ ಮೋಟರ್ ಸೈಕಲ್ಲಿನ ಹಾಗೆ ಸ್ಪ್ರಿಂಗು. ಕ್ಯಾರಿಯರ್ ಹಾಕಲು ಜಾಗವೇ ಇಲ್ಲ.

ಅಣ್ಣ ಕೊಳ್ಳೇಗಾಲದ ರಸ್ತೆಗೆ ಇಳಿದ. ಹೊಂಡ ಗುಂಡಿ ನೋಡದೆ ಹೋಗಿ, ತಿರುಗಿಸಿಕೊಂಡು ಬರುತ್ತಿದ್ದ. ಮುಖದ ತುಂಬ ನಗು. ಅವನ ಹಿಂದೆ ಒಂದು ಕಬ್ಬಿನ ಲಾರಿ. ಹಾರನ್ ಹೊಡೆಯಿತು. ನಾನು ಗಾಬರಿಯಾಗಲಿಲ್ಲ ಮೊದಲು. ಅವನ ಕರೀ ಸೈಕಲ್ಲಿನಲ್ಲಿ ಲಾರಿ ಇನ್ನೂ ಎಷ್ಟೋ ದೂರವಿರುವಾಗಲೇ ಹ್ಯಾಂಡಲ್ಲಿನ ಅದುರಿನಿಂದ ಅವನಿಗೆ ಗೊತ್ತಾಗಿಬಿಡುತ್ತದೆ. ಎಷ್ಟೋ ಸಲ ನಾನು ಹೆಗಲು ತಟ್ಟುವ ಮೊದಲೇ ಸರಿದಿರುತ್ತಾನೆ. ಈಗ ಸರಿಯಲಿಲ್ಲ. ರಸ್ತೆಯ ನಡುವೆಯೇ ಬರುತ್ತಿದ್ದಾನೆ. ನಾನು ಕೈ ಬೀಸುತ್ತ ಓಡಿದೆ. ಲಾರಿ ಬ್ರೇಕು ಕಿರುಗುಟ್ಟಿ ಅವನ ಬೆನ್ನ ಹಿಂದೆಯೇ ನಿಂತಿತು. ಡ್ರೈವರ್ ಇಳಿದು ಬಾಯಿಗೆ ಬಂದಂತೆ ಬೈದ. ಅಣ್ಣ ಅವನ ತುಟಿ ನೋಡುತ್ತ ನಿಂತ, ಆಮೇಲೆ ತನ್ನ ಎರಡೂ ಅಂಗೈ ನೋಡಿಕೊಂಡ.

ಆ ದಪ್ಪ ಟೈರು, ಆ ಸ್ಪ್ರಿಂಗು ನೆಲದ ಅದುರನ್ನೆಲ್ಲ ನುಂಗಿಹಾಕಿದ್ದವು. ಅವನಿಗೆ ಉಳಿದಿದ್ದ ಚೂರು ಕಿವಿಯೂ ಆ ಸೈಕಲ್ಲಿನಲ್ಲಿ ಹೋಗಿತ್ತು.

ಮರದ ನೆರಳಿನಲ್ಲಿ ನಿಂತು ನಾನು ಜಗಳಕ್ಕೆ ಬಿದ್ದೆ. "ಇದು ಬ್ಯಾಡ. ವಾಪಸ್ ಕೊಡು. ಸಾಯ್ತೀಯಾ!" ಅಂದೆ. "ನಿನ್ನ ಆಟಕ್ಕೆ ಬೆಂಕಿ ಬೀಳ, ಅವ್ವಂಗೆ ನಾನೇನು ಏಳ್ಲಿ?" ಅಂದೆ. ನನಗೆ ಬರುವ ಬೈಗುಳವೆಲ್ಲ ಮುಗಿದವು. ಅವನು ನನ್ನ ತುಟಿಯನ್ನು ಕೊನೆಯವರೆಗೂ ನೋಡಿದ. ಮುಖ ತಿರುಗಿಸಿಬಿಟ್ಟರೆ ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ; ಆದರೆ ಅಣ್ಣ ಯಾವತ್ತೂ ಹಾಗೆ ಮಾಡಿದವನಲ್ಲ.

"ಅಮ್ಮಿ," ಅಂದ, ಅಷ್ಟು ಮೆತ್ತಗೆ ಅವನು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ, "ಚಿಕ್ಕೋನಿದ್ದಾಗಿಂದ್ಲೂ ಈ ಕೈಲಿ ಬರೀ ಕೇಳ್ಕಂಡೇ ಬಂದಿವ್ನಿ. ಲಾರಿ ಬತ್ತಾ, ಬಸ್ ಬತ್ತಾ, ಯಾರ್ ಬತ್ತಾವ್ರೆ. ಇವತ್ತು ಕೈ ಸುಮ್ಕಿದ್ವು. ಬರೀ ತುಳುದೆ. ಒಂದ್ ದಿನ ಅಂಗೆ ತುಳೀಬೇಕು ನಾನು."

ಅವನ ಕೈಗಳು ದಣಿದಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಆದರೂ ಹೂಂ ಅನ್ನಲಿಲ್ಲ. ಬಸ್ಸಿನ ಮೇಲೆ ಸೈಕಲ್ಲು ಹಾಕಿಸಿಕೊಂಡು ಊರಿಗೆ ಬಂದೆವು. ಕನ್ನಡಿಯನ್ನು ಅವನೇ ಬಿಚ್ಚಿ ಹೊಸ ಹ್ಯಾಂಡಲ್ಲಿಗೆ ಹಾಕಿದ. ಚೆಕ್‌ಪೋಸ್ಟಿನವರಿಗೂ ಕ್ಲಬ್ಬಿನವರಿಗೂ ನಾನೇ ಹೋಗಿ ಹೇಳಿದೆ, ಕಿವಿ ಕೇಳಿಸುವುದಿಲ್ಲ, ಕೂಗಬೇಡಿ, ಎದುರು ಬಂದು ಕೈ ತೋರಿಸಿ ಅಂತ. ಆನೆಗೆ ಯಾರು ಹೇಳುತ್ತಾರೆ? ಊಟ ಸೇರಲಿಲ್ಲ ಆ ವಾರ.

ರೇಸಿನ ಹಿಂದಿನ ದಿನ ಅವನು ಕೇಳಿದ್ದು ಒಂದೇ. ಹೊರಡುವಾಗ ಊದುವ ವಿಷಲ್ ತನಗೆ ಕೇಳುವುದಿಲ್ಲ. "ನೀನು ಬೆನ್ನ ಮೇಲೆ ಕೈ ಇಟ್ಕಂಡಿರು. ಊದ್ದಾಗ ಎತ್ತು. ಸಾಕು."

ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಸೈಕಲ್ಲುಗಳು ಸಾಲಾಗಿ ನಿಂತವು. ಬಣ್ಣಬಣ್ಣದ ಬನಿಯನ್, ಕಪ್ಪು ಕನ್ನಡಕದ ಹುಡುಗರ ನಡುವೆ ನಮ್ಮಣ್ಣ ಮಿಲ್ಲಿನ ಖಾಕಿ ಷರ್ಟು ಹಾಕಿಕೊಂಡು ನಿಂತಿದ್ದ. ನಾನು ಹಿಂದೆ ನಿಂತು ಬಲಗೈ ಅವನ ಬೆನ್ನಿಗಿಟ್ಟೆ. ಬೆನ್ನು ಬೆವರಿತ್ತು. ಎದೆ ಹೊಡೆದುಕೊಳ್ಳುತ್ತಿದ್ದುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು.

ವಿಷಲ್ ಆಯಿತು. ಎಲ್ಲರೂ ಹೊರಟರು.

ನನ್ನ ಕೈ ಏಳಲಿಲ್ಲ.

ಮರೆತೆನೆಂದಲ್ಲ, ಕೇಳಿಸಲಿಲ್ಲವೆಂದಲ್ಲ. ಲಾರಿ ನಿಂತ ಸದ್ದು ಕಿವಿಯಲ್ಲಿತ್ತು, ಎತ್ತಿದ ಬಂದೂಕು ಕಣ್ಣಲ್ಲಿತ್ತು. ಅಕ್ಕಪಕ್ಕದ ಸೈಕಲ್ಲುಗಳೆಲ್ಲ ಹೋಗಿ ರಸ್ತೆ ಖಾಲಿಯಾಯಿತು. ಕ್ಲಬ್ಬಿನ ಹುಡುಗ "ಗೋ ಸರ್, ಗೋ" ಅಂತ ಕೈ ಬೀಸುತ್ತಿದ್ದಾನೆ. ಅಣ್ಣನಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಎಲ್ಲರೂ ಹೋದದ್ದು ಅವನಿಗೆ ಕಂಡಿತ್ತು. ಆದರೂ ಅವನು ಕದಲಲಿಲ್ಲ. ಒಂದು ಕಾಲು ಪೆಡಲಿನ ಮೇಲೆ, ಒಂದು ಕಾಲು ನೆಲದ ಮೇಲೆ, ತಲೆ ತಗ್ಗಿಸಿಕೊಂಡು ನನ್ನ ಕೈಗೆ ಕಾಯುತ್ತಿದ್ದ.

ಕೈ ತೆಗೆದೆ. ಅವನು ಹೋದ.

ಆ ದಿನ ಹನೂರಿನಲ್ಲಿ ಹೇಗೆ ಕೂತಿದ್ದೆನೋ ದೇವರಿಗೇ ಗೊತ್ತು. ಹೊತ್ತು ಇಳಿಯುವಾಗ ಬಂದ, ಕೊನೆಯಿಂದ ಲೆಕ್ಕ ಹಾಕುವ ಸಾಲಿನಲ್ಲಿ. ಮೈಯೆಲ್ಲ ಕೆಂಪು ಧೂಳು, ಒಂದು ಗೀರೂ ಆಗಿರಲಿಲ್ಲ. ನೀರು ಕುಡಿದು ನನ್ನ ಮುಖ ನೋಡಿದ. ತಡ ಮಾಡಿದ್ದಕ್ಕೆ ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ನೀನು ಕೈ ಎತ್ತದೇ ಇದ್ದಿದ್ರೆ ನಾನು ಓಗ್ತಿರ್ಲಿಲ್ಲ ಕಣಮ್ಮಿ," ಅಂದ.

ಅವನು ಪ್ರೀತಿಯಿಂದಲೇ ಹೇಳಿದ್ದು. ನನಗೆ ಮಾತ್ರ ಅದು ಬೇರೆಯೇ ಕೇಳಿಸಿತು. ಇಷ್ಟು ವರ್ಷ ಅವನಿಗೆ ಕಿವಿಯಾಗಿದ್ದೇನೆ ಅಂದುಕೊಂಡಿದ್ದೆ. ಎಷ್ಟು ಸಲ ಹೊರಡಬೇಕೆಂದವನು ನನ್ನ ಕೈಗೆ ಕಾದು ನಿಂತಿದ್ದನೋ, ಎಷ್ಟು ಸಲ ನಾನು ಎತ್ತಿಯೇ ಇರಲಿಲ್ಲವೋ. ಅಲ್ಲೇ ಕೂತು ಅತ್ತುಬಿಟ್ಟೆ. ಅವನು ಸುಸ್ತಿಗೆ ಅಳುತ್ತಿದ್ದಾಳೆ ಅಂದುಕೊಂಡು ಟೀ ತಂದುಕೊಟ್ಟ.

ಗೇರ್ ಸೈಕಲ್ಲು ಯಳಂದೂರಿಗೆ ವಾಪಸ್ಸು ಹೋಯಿತು. ಸೋಮವಾರ ಬೆಳಿಗ್ಗೆ ನೋಡುತ್ತೇನೆ, ಕರೀ ಸೈಕಲ್ಲಿಗೆ ಎಲ್ಲವನ್ನೂ ಹಾಕಿದ್ದಾನೆ, ಕ್ಯಾರಿಯರನ್ನೂ. ಕೋಳಿ ಹಿಕ್ಕೆ ಒರೆಸಿ, ಮೇಲೊಂದು ಗೋಣಿ ಮಡಚಿ ಇಟ್ಟು ನಿಂತಿದ್ದಾನೆ.

"ನಾನು ಬಸ್ಸಿಗೆ ಓಯ್ತೀನಿ ಅಣ್ಣ," ಅಂದೆ.

ತುಟಿ ಸರಿಯಾಗಿ ಕಾಣಿಸಲಿಲ್ಲವೇನೋ ಅನ್ನುವಂತೆ ನೋಡಿದ. ಇನ್ನೊಂದು ಸಲ ಹೇಳಿದೆ. ಅವ್ವ ಒಳಗಿನಿಂದ ಏನೋ ಕೂಗಿದಳು, ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಅವನು ಗೋಣಿಯನ್ನು ತೆಗೆದು ಜಗಲಿಗೆ ಹಾಕಿ, ಒಬ್ಬನೇ ಹತ್ತಿ ಹೋದ.

ಚೆಕ್‌ಪೋಸ್ಟು ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಅವನು ಕಂಡ. ರಸ್ತೆಯ ನಡುವೆ ಒಂದೇ ಸಮನೆ ತುಳಿಯುತ್ತಿದ್ದ. ಬಸ್ಸು ಹತ್ತಿರವಾಯಿತು. ಡ್ರೈವರ್ ಹಾರನ್ನಿಗೆ ಕೈ ಇಡುವ ಮೊದಲೇ ಅವನು ಎಡಕ್ಕೆ ಸರಿದು ದಾರಿ ಬಿಟ್ಟ. ತಿರುಗಿ ನೋಡಲಿಲ್ಲ. ನನ್ನ ಕೈ ಮಾತ್ರ ಮುಂದಿನ ಸೀಟಿನ ಕಂಬಿಯನ್ನು ಆಗಲೇ ತಟ್ಟಿತ್ತು.