ಪುಂಜಾಲಕಟ್ಟೆಯ ಏರಿನಲ್ಲಿ ಕುದಿದ ಕಾರು

ಇಂಜಿನ್ ತಣಿಸುವ ಕೂಲೆಂಟಿಗೆ ಒಂದು ಸಿಹಿ ವಾಸನೆ ಇದೆ. ಬೆಲ್ಲದ ಪಾಕವನ್ನು ಕಬ್ಬಿಣದ ಬಾಣಲೆಯಲ್ಲಿ ಮರೆತುಬಿಟ್ಟರೆ ಬರುವಂಥದ್ದು. ಮೂಡುಬಿದಿರೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಅದೇನೂ ಹೊಸತಲ್ಲ, ದಿನಾ ಡಬ್ಬಿಗಟ್ಟಲೆ ಮಾರುತ್ತೇನೆ. ಆದರೆ ಮೊನ್ನೆ ಭಾನುವಾರ ನಮ್ಮ ಅಂಗಳದಲ್ಲಿ ಹಳೆಯ ಅಂಬಾಸಿಡರಿನ ಬಾನೆಟ್ ಎತ್ತಿ, ರೇಡಿಯೇಟರಿನ ಮೇಲಿನ ಪೈಪನ್ನು ಎಳೆದಾಗ, ಎಷ್ಟೋ ವರ್ಷಗಳಿಂದ ತಳದಲ್ಲಿ ಉಳಿದಿದ್ದ ಒಂದು ಗುಟುಕು ಕಂದು ನೀರು ನನ್ನ ಅಂಗೈಗೆ ಬಂತು. ಅದೇ ಸಿಹಿ ವಾಸನೆ. ಅದರ ಹಿಂದೆಯೇ ಬೆಂದ ಚರ್ಮದ ವಾಸನೆಯೂ ಬಂದೇ ಬರುತ್ತದೆ ಎಂದು ಮೂಗು ಕಾದು ನಿಂತಿತು. ಪೈಪಿನ ಬುಡದ ನಟ್ಟುಗಳನ್ನು ಬಿಚ್ಚಿದರೆ ಒಳಗೆ ಥರ್ಮೋಸ್ಟ್ಯಾಟ್ ಸಿಗುತ್ತದೆ. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆದು, ಬಿಸಿಯಾದ ಮೇಲೆ ದಾರಿ ಬಿಡುವ ಸಣ್ಣ ಬಾಗಿಲು ಅದು. ಅದರ ಸ್ಪ್ರಿಂಗು ಕೆಳಗೆ, ಇಂಜಿನಿನ ಕಡೆಗೆ ಇರಬೇಕು. ಉಲ್ಟಾ ಕೂತರೆ ಬಿಸಿ ತಾಗುವುದಿಲ್ಲ, ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುವುದಿಲ್ಲ, ಕಾರು ಕುದಿಯುತ್ತದೆ. ಈ ಕಾರಿನಲ್ಲಿ ಅದನ್ನು ನನ್ನ ಅಮ್ಮ ಉಲ್ಟಾ ಹಾಕಿದ್ದಳೆಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಅಮ್ಮನೂ ನಂಬಿದ್ದಳು. ಅವಳ ಬದುಕು ಸವೆದದ್ದೇ ಆ ನಂಬಿಕೆಯ ಮೇಲೆ.

ವೇಣೂರಿನ ಆ ಮನೆ ಈಗಿಲ್ಲ. ಪಾಲಾದ ಮೇಲೆ ಕೆಡವಿದರು, ಮರಮಟ್ಟು ಯಾರ್ಯಾರದೋ ಬಂಗಲೆಗೆ ಹೋಯಿತು, ನನ್ನ ಪಾಲಿಗೆ ಶೆಡ್ಡಿನಲ್ಲಿದ್ದ ಈ ಕಾರು ಬಂತು. ನಮ್ಮದು ಅಳಿಯಕಟ್ಟಿನ ಮನೆ. ಹೆಣ್ಣುಮಕ್ಕಳು ತವರಲ್ಲೇ ಇರುವುದು, ಅಣ್ಣ ಯಜಮಾನ. ಅಮ್ಮನ ಅಣ್ಣ, ನಮ್ಮ ದೊಡ್ಡ ಮಾವ, ಆ ಯಜಮಾನಿಕೆಯನ್ನು ಕೈಯಲ್ಲಿ ನಡೆಸಿದವರು. ಬಾಯಿಗಿಂತ ಮೊದಲು ಕೈ. ಚಾವಡಿಯ ಮೊಳೆಯಲ್ಲಿ ಹಳೆಯ ಫ್ಯಾನ್ ಬೆಲ್ಟು ನೇತಾಡುತ್ತಿತ್ತು. ಹಾಲು ಚೆಲ್ಲಿದರೆ, ಲೆಕ್ಕ ತಪ್ಪಿದರೆ, ಎದುರು ಉತ್ತರ ಕೊಟ್ಟರೆ ಅದು ಮೊಳೆಯಿಂದ ಇಳಿಯುತ್ತಿತ್ತು. ಬೆನ್ನ ಮೇಲೆ ಮೊದಲು ಬಿಳಿ ಬರೆ, ಆಮೇಲೆ ಕೆಂಪು, ರಾತ್ರಿಗೆ ನೀಲಿ. ನಾಯಿಗೂ ನಮಗೂ ಅದರಲ್ಲಿ ಭೇದವಿರಲಿಲ್ಲ. 'ದಂಡಂ ದಶಗುಣಂ' ಎಂದು ನಕ್ಕು ಬೆಲ್ಟನ್ನು ಮತ್ತೆ ಮೊಳೆಗೆ ಸಿಕ್ಕಿಸುವರು. ಅದೇ ಮನುಷ್ಯ ಭಾನುವಾರ ಮಕ್ಕಳಾದ ನಮ್ಮನ್ನೆಲ್ಲ ಕಾರಿನಲ್ಲಿ ತುಂಬಿಸಿಕೊಂಡು ಫಲ್ಗುಣಿ ಹೊಳೆಗೆ ಒಯ್ಯುವರು. ನೀರಿನಲ್ಲಿ ಕಾರು ತೊಳೆದು, ನಮ್ಮನ್ನೂ ಅದೇ ಸೋಪಿನಲ್ಲಿ ಉಜ್ಜಿ, ಬಂಡೆಯ ಮೇಲೆ ಸಾಲಾಗಿ ಕೂರಿಸಿ, ಬಾಳೆಎಲೆಯಲ್ಲಿ ಕಟ್ಟಿ ತಂದ ಕೋರಿರೊಟ್ಟಿ ಬಡಿಸುವರು. ಬಿಸಿಲಿಗೆ ಕಾದ ಸೀಟಿನ ರೆಕ್ಸಿನ್, ಪೆಟ್ರೋಲು, ಮಾವನ ತಲೆಯ ತೆಂಗಿನೆಣ್ಣೆ ಎಲ್ಲ ಸೇರಿದ ಆ ಗಮಲಿಗಿಂತ ಸುಖವಾದದ್ದನ್ನು ನಾನು ಆಮೇಲೆ ಕಂಡಿಲ್ಲ. ಆ ಮನೆಯನ್ನು ನೆನೆದರೆ ನನಗೆ ಈಗಲೂ ಅಳು ಬರುತ್ತದೆ, ಜೊತೆಗೆ ಬೆನ್ನೂ ಬಿಗಿಯುತ್ತದೆ. ಹೊಡೆತದ ಮನೆಯಲ್ಲಿ ಬೆಳೆದವರಿಗೆ ಇದು ಅರ್ಥವಾದೀತು, ಉಳಿದವರಿಗೆ ನಾನು ಹೇಳಿ ಪ್ರಯೋಜನವಿಲ್ಲ.

ಅಪ್ಪ ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಬಂಟ್ವಾಳದವರು, ಮೆದು ಮಾತಿನವರು. ಒಮ್ಮೆ ರಜೆಯಲ್ಲಿ ಬಂದವರು ಅಮ್ಮನನ್ನೂ ಮಗಳಾದ ನನ್ನನ್ನೂ ಮುಂಬೈಗೆ ಕರೆದುಕೊಂಡು ಹೋಗುತ್ತೇನೆಂದು ಬಾಯಿ ಬಿಟ್ಟರು. ನಮ್ಮ ಮನೆಯ ಹೆಣ್ಣು ಹೋಟೆಲಿನವನ ಖೋಲಿಯಲ್ಲಿ ಬಾಳುವುದೇ ಎಂದು ದೊಡ್ಡ ಮಾವ ಅವರನ್ನು ಊಟದ ಎಲೆಯ ಮುಂದಿನಿಂದ ಎಬ್ಬಿಸಿ, ಜಗಲಿಯಿಂದ ಕೆಳಗೆ ದೂಡಿದರು. ಅಪ್ಪನ ಹಲ್ಲು ಮೆಟ್ಟಿಲಿಗೆ ತಾಗಿ ಮುರಿಯಿತು. ಬಾಯಿಯ ರಕ್ತವನ್ನು ತೋಳಿನಲ್ಲಿ ಒರೆಸಿಕೊಂಡು, ಚಪ್ಪಲಿಯನ್ನೂ ಹಾಕದೆ ಗದ್ದೆಬದುವಿನ ಹುಣಿಯಲ್ಲಿ ನಡೆದುಹೋದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮತ್ತೆ ಅವರು ಆ ಮನೆಗೆ ಕಾಲಿಡಲಿಲ್ಲ. ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ ಊರಿಗೆ ಬಂದು, ಬಂಟ್ವಾಳದಲ್ಲೇ ನಿಂತು, ತಮ್ಮ ಅಕ್ಕನ ಬಾಯಲ್ಲಿ ಹೇಳಿ ಕಳಿಸಿದರು: ಸಂಜೆಯ ಬಸ್ಸಿಗೆ ಹೊರಡುತ್ತೇನೆ, ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಈ ಸಲ ಬಾರದಿದ್ದರೆ ಇನ್ನು ಕರೆಯುವುದಿಲ್ಲ.

ಅದೇ ದಿನ ಬೆಳಗ್ಗೆ ಅಂಗಳದಲ್ಲಿ ಕಾರಿನ ಬಾನೆಟ್ ತೆರೆದಿತ್ತು. ನಮ್ಮ ಕಡೆ ಥರ್ಮೋಸ್ಟ್ಯಾಟ್ ಕೆಟ್ಟರೆ ಯಾರೂ ಹೊಸತು ಹಾಕುವುದಿಲ್ಲ. 'ಈ ಸೆಕೆಗೆ ಅದೆಲ್ಲ ಎಂತಕೆ ಮಾರಾಯ' ಎಂದು ಕಿತ್ತು ಬಿಸಾಡಿ ಖಾಲಿ ಬಿಡುತ್ತಾರೆ. ಆದರೆ ದೊಡ್ಡ ಮಾವನಿಗೆ ತಮ್ಮ ಕಾರಿನಲ್ಲಿ ಒಂದು ಸ್ಕ್ರೂ ಕಡಿಮೆಯಾದರೂ ಮರ್ಯಾದೆಗೆ ಕಡಿಮೆ. ಹಾಗಾಗಿ ಗಲ್ಫಿನ ಗ್ಯಾರೇಜಿನಲ್ಲಿದ್ದ ಸಣ್ಣ ಮಾವ, ಅಂದರೆ ಅಮ್ಮನ ತಮ್ಮ ವಸಂತ, ರಜೆಗೆ ಬರುವಾಗ ಹೊಸ ಥರ್ಮೋಸ್ಟ್ಯಾಟನ್ನೂ ಹಸಿರು ಕೂಲೆಂಟಿನ ಡಬ್ಬಿಯನ್ನೂ ತಂದಿದ್ದರು. ಹಳೆಯದನ್ನು ಬಿಚ್ಚಿ ತೆಗೆಯುತ್ತ ವಸಂತ ಮಾವ, ಎಲ್ಲಿಂದ ಧೈರ್ಯ ಬಂತೋ, ಅಣ್ಣನಿಗೆ ಹೇಳಿದರು:

"ಅಕ್ಕ ಭಾವನ ಒಟ್ಟಿಗೆ ಹೋಗಲಿ ಅಣ್ಣ. ಅವಳನ್ನು ಇಲ್ಲಿ ಇಟ್ಟುಕೊಂಡು ನಮಗೆ ಎಂತ ಉಂಟು?"

ದೊಡ್ಡ ಮಾವ ನೆಲದಲ್ಲಿದ್ದ ಜಾಕಿಯ ರಾಡನ್ನು ಎತ್ತಿ, ಇಂಜಿನಿನ ಮೇಲೆ ಊರಿದ್ದ ವಸಂತ ಮಾವನ ಬಲಗೈಯ ಮೇಲೆ ಬೀಸಿದರು. ಒಣ ಕಡ್ಡಿ ಮುರಿದ ಸದ್ದು. ಬೆರಳುಗಳು ಇರಬಾರದ ಕಡೆಗೆ ತಿರುಗಿದವು. ವಸಂತ ಮಾವ ಕೂಗಲೂ ಆಗದೆ ಮಡ್‌ಗಾರ್ಡಿಗೆ ಹಣೆ ಒತ್ತಿ ಕುಸಿದರು. ದೊಡ್ಡ ಮಾವ ರಾಡನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿ ಇಟ್ಟು, ಕಾಲಿಗೆ ಹಗ್ಗ ಕಟ್ಟಿದ್ದ ತಮ್ಮ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು, ಏನೂ ಆಗದವರಂತೆ ಕೋಳಿ ಅಂಕದ ಕಾಳಗಕ್ಕೆ ಹೋದರು.

ಅಮ್ಮ ಬಚ್ಚಲಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಬಂದು ತಮ್ಮನ ಕೈಗೆ ಸೀರೆಯ ಅಂಚು ಹರಿದು ಸುತ್ತಿದಳು. ಬಂಟ್ವಾಳಕ್ಕೆ ಹೋಗುವ ಬಸ್ಸು ನಿಲ್ಲುವುದು ಅಂಕದ ಗದ್ದೆಯ ಎದುರೇ, ದೊಡ್ಡ ಮಾವನ ಕಣ್ಣೆದುರೇ. ಹೋಗುವುದಾದರೆ ಕಾರಿನಲ್ಲೇ ಹೋಗಬೇಕು. "ಇದನ್ನು ಹೇಗೆ ಹಾಕುವುದು, ಹೇಳು ವಸಂತ, ನಾನು ಹಾಕ್ತೇನೆ" ಎಂದಳು. ಹಿಟ್ಟು ನಾದಿದ ಕೈ, ಸ್ಪ್ಯಾನರ್ ಹಿಡಿದು ಗೊತ್ತಿಲ್ಲ. ವಸಂತ ಮಾವ ಹಲ್ಲು ಕಚ್ಚಿ ಹೇಳುತ್ತ ಹೋದರು: ಸ್ಪ್ರಿಂಗು ಕೆಳಗೆ, ಮೇಲೆ ನೀರು ಸೋರದ ಹಾಗೆ ಗ್ಯಾಸ್ಕೆಟ್, ನಟ್ಟು ಒಂದೇ ಸಮ ಬಿಗಿ ಮಾಡು. ಅಮ್ಮ ಕುಂಕುಮ ಇಡುವಷ್ಟು ಗಮನ ಕೊಟ್ಟು ಅದನ್ನು ಕೂರಿಸಿದಳು. ಕೂಲೆಂಟನ್ನು ಮಾತ್ರ ವಸಂತ ಮಾವನೇ ಎಡಗೈಯಲ್ಲಿ ಸುರಿದು, ರೇಡಿಯೇಟರಿನ ಮುಚ್ಚಳ ತಿರುವಿ ಮುಚ್ಚಿದರು. ನಮ್ಮ ಬಟ್ಟೆಗಳ ಗಂಟನ್ನು ಹಿಂದಿನ ಸೀಟಿಗೆ ಎಸೆದು ಹೊರಟೆವು. ವಸಂತ ಮಾವನ ಎಡಗೈ ಗೇರಿಗೆ, ಮುರಿದ ಕೈಯ ಮಣಿಕಟ್ಟು ಸ್ಟಿಯರಿಂಗಿಗೆ. ಗುರುವಾಯನಕೆರೆ ದಾಟುವಾಗ ಅಮ್ಮ ತಲೆಗೆ ಮಲ್ಲಿಗೆ ಮುಡಿದುಕೊಂಡಳು. ಅವಳು ಹಾಗೆ ಅವಸರದಲ್ಲಿ, ಕನ್ನಡಿಯಿಲ್ಲದೆ, ನಗುತ್ತ ಹೂ ಮುಡಿದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಪುಂಜಾಲಕಟ್ಟೆಯ ಹತ್ತಿರದ ಏರಿನಲ್ಲಿ ಕಾರು ಕುದಿಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದು ಮುಂದಿನ ಗಾಜು ಮುಚ್ಚಿಹೋಯಿತು. ರಸ್ತೆ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ತಣಿಯಲೆಂದು ಕಾಯುತ್ತ ನಿಂತೆವು. ಒಳಗೆ ಡಬಡಬ ಎಂದು ಯಾರೋ ಗುದ್ದುವ ಸದ್ದು. ಅಷ್ಟರಲ್ಲಿ ಬೈಕೊಂದು ಬಂದು ನಿಂತಿತು. ಯಾರ ಬೈಕೋ, ಯಾರು ಸುದ್ದಿ ಮುಟ್ಟಿಸಿದರೋ. ಇಳಿದವರು ದೊಡ್ಡ ಮಾವ. ಅಂಕದಲ್ಲಿ ಗೆದ್ದು ತಂದ ಎದುರಾಳಿಯ ಸತ್ತ ಹುಂಜ ಹ್ಯಾಂಡಲಿನಿಂದ ತಲೆಕೆಳಗಾಗಿ ನೇತಾಡುತ್ತಿತ್ತು, ಅದರ ಕೊಕ್ಕಿನಿಂದ ರಕ್ತ ಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮೊದಲ ಏಟು ವಸಂತ ಮಾವನ ಕಿವಿಗೆ, ಎರಡನೆಯದು ಹೊಟ್ಟೆಗೆ. ಅವರು ಚರಂಡಿಗೆ ಉರುಳಿದರು. ಅಮ್ಮನ ಜಡೆ ಹಿಡಿದು ಎಳೆದಾಗ ಮಲ್ಲಿಗೆ ಉದುರಿತು. ಆದರೆ ಅವರ ಕಣ್ಣು ನಮ್ಮ ಮೇಲೆ ಇರಲಿಲ್ಲ, ಹಬೆ ಉಗುಳುವ ಕಾರಿನ ಮೇಲಿತ್ತು.

"ನನ್ನ ಕಾರನ್ನು ಎಂತ ಮಾಡಿದ್ದೀರಿ? ಕೊಂದುಬಿಟ್ಟಿರಲ್ಲ!"

ಬೈರಾಸನ್ನು ಕೈಗೆ ಸುತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು. ಅಮ್ಮ ಎದ್ದು ಓಡಿ ಆ ತೋಳನ್ನು ತಬ್ಬಿಹಿಡಿದಳು. "ಬೇಡ ಅಣ್ಣ, ತೆಗೆಯಬೇಡ, ಕುದೀತಾ ಉಂಟು!" ಇನ್ನೊಂದು ಕೈಯಿಂದ ಅವಳ ಮುಖಕ್ಕೆ ಗುದ್ದಿ, ಬಗ್ಗಿ, ಮುಚ್ಚಳ ತಿರುವಿದರು.

ಹಸಿರು ನೀರು ಆಳೆತ್ತರ ಚಿಮ್ಮಿತು. ನಾನು ಹುಂಜಗಳು ಸಾಯುವುದನ್ನು ನೋಡಿದ್ದೆ, ಹಂದಿ ಕಡಿಯುವುದನ್ನು ಕೇಳಿದ್ದೆ, ಅಂಥ ಕೂಗನ್ನು ಮಾತ್ರ ಕೇಳಿರಲಿಲ್ಲ. ಮಾವ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡರು. ಕೈ ತೆಗೆದಾಗ ಕೆನ್ನೆಯ ಚರ್ಮ ಬೈರಾಸಿಗೆ ಅಂಟಿಕೊಂಡು ಬಂತು. ಸಿಹಿ ವಾಸನೆ, ಅದರೊಳಗೆ ಬೆಂದ ಮಾಂಸದ ವಾಸನೆ. "ಕುಸುಮಾ, ಕುಸುಮಾ" ಎಂದು ಅಮ್ಮನನ್ನು ಕರೆಯುತ್ತ ಅವರು ರಸ್ತೆಯಲ್ಲಿ ಕುರುಡರಂತೆ ಸುತ್ತಿದರು. ಮೂಗಿನಿಂದ ರಕ್ತ ಸುರಿಯುತ್ತಿದ್ದ ಅಮ್ಮ ಹೋಗಿ ಅಣ್ಣನನ್ನು ಹಿಡಿದುಕೊಂಡಳು. ಯಾರದೋ ಜೀಪು ನಿಂತಿತು, ಎಲ್ಲರೂ ಹತ್ತಿದೆವು. ಆಸ್ಪತ್ರೆ ಇದ್ದದ್ದು ಬಂಟ್ವಾಳದಲ್ಲಿ. ಹಾಗೆ ನಾವು ಹೋಗಬೇಕೆಂದಿದ್ದ ಊರಿಗೇ ಹೋದೆವು. ಬಸ್‌ಸ್ಟ್ಯಾಂಡಿನ ಎದುರು ಜೀಪು ಹಾದುಹೋಗುವಾಗ ಅಪ್ಪ ಬಿಳಿ ಅಂಗಿ ತೊಟ್ಟು, ಪೆಟ್ಟಿಗೆಯನ್ನು ಕಾಲಿನ ಬಳಿ ಇಟ್ಟುಕೊಂಡು ನಿಂತದ್ದನ್ನು ಕಂಡು ನಾನು ಕೂಗಿದೆ. ಜೀಪಿನ ಸದ್ದಿಗೆ ಅವರಿಗೆ ಕೇಳಲಿಲ್ಲ. ಅಮ್ಮನ ಮಡಿಲಲ್ಲಿ ಮಾವನ ತಲೆ ಇತ್ತು. ಅವಳು ಕತ್ತು ತಿರುಗಿಸಲಿಲ್ಲ.

ಆಸ್ಪತ್ರೆಯಲ್ಲಿ, ಮುಖಕ್ಕೆಲ್ಲ ಪಟ್ಟಿ ಸುತ್ತಿದ್ದ ದೊಡ್ಡ ಮಾವ ತೆರೆದಿದ್ದ ಬಾಯಿಯಿಂದ ಮೊದಲು ಕೇಳಿದ್ದು, "ಥರ್ಮೋಸ್ಟ್ಯಾಟ್ ಹಾಕಿದ್ದು ಯಾರು?" ಎಂದು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದ ವಸಂತ ಮಾವ ಗೋಡೆ ನೋಡುತ್ತ ಹೇಳಿದರು, "ಅಕ್ಕ. ಉಲ್ಟಾ ಹಾಕಿರಬೇಕು." ರಜೆ ಮುಗಿಯುವ ಮೊದಲೇ ಅವರು ಗಲ್ಫಿಗೆ ಹೊರಟುಹೋದರು. ಅಮ್ಮ ದೊಡ್ಡ ಮಾವನೊಂದಿಗೆ ವೇಣೂರಿಗೆ ಮರಳಿದಳು. ಅಪ್ಪ ಮುಂಬೈಯಿಂದ ಜನ ಕಳಿಸಿ ಇನ್ನೊಮ್ಮೆ ಕೇಳಿದರು. ಇನ್ನು ಕರೆಯುವುದಿಲ್ಲ ಎಂದವರು ಕರೆದರು, ಪಾಪ. "ನನ್ನ ಕೈಯಿಂದ ಅಣ್ಣನ ಕಣ್ಣು ಹೋಯ್ತು, ನಾನು ಹೇಗೆ ಬರಲಿ?" ಎಂದು ಅಮ್ಮ ಹೇಳಿಕಳಿಸಿದಳು. ಕೆಲವು ವರ್ಷಗಳಲ್ಲಿ ಅಪ್ಪ ಅಲ್ಲಿಯೇ, ಹೋಟೆಲಿನ ಖೋಲಿಯಲ್ಲಿ ತೀರಿಕೊಂಡರು. ದೊಡ್ಡ ಮಾವ ಮಾತ್ರ ಬಹಳ ವರ್ಷ ಬದುಕಿದರು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ನೆರಳಷ್ಟೇ. ಅಮ್ಮ ಗಾಯ ತೊಳೆದಳು, ಅನ್ನ ಕಲಸಿ ಉಣಿಸಿದಳು, ಮುಖ ಕ್ಷೌರ ಮಾಡಿದಳು. ಗಂಜಿ ಬಿಸಿಯಾದರೂ ತಣ್ಣಗಾದರೂ ಅವರು ಸದ್ದು ಬಂದ ಕಡೆಗೆ ಕೈ ಬೀಸುವರು, ಗುರಿ ತಪ್ಪುವುದು. "ಉಲ್ಟಾ ಹಾಕಿದವಳು" ಎಂಬುದೇ ಅವಳ ಹೆಸರಾಯಿತು. ಎಳೆದು ತಂದು ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನ ಬಾನೆಟ್ಟನ್ನು ಯಾರೂ ಎತ್ತಕೂಡದೆಂದು ಆಜ್ಞೆ ಮಾಡಿದ್ದರು, ಅವರು ಸತ್ತ ಮೇಲೂ ಯಾರೂ ಎತ್ತಲಿಲ್ಲ. ಅಷ್ಟು ಹೆದರಿಸಿ ಇಟ್ಟಿದ್ದರು ನಮ್ಮನ್ನು.

ಮೊನ್ನೆ ನಾನು ನಟ್ಟು ಬಿಚ್ಚಿದೆ. ಥರ್ಮೋಸ್ಟ್ಯಾಟಿನ ಮೇಲಿನ ತುಕ್ಕು ಹಿಡಿದ ಮುಚ್ಚಳಕ್ಕೆ ಎರಡೇಟು ಹಾಕಿ ಎಬ್ಬಿಸಿ ಒಳಗೆ ನೋಡಿದೆ. ಸ್ಪ್ರಿಂಗು ಕೆಳಗೇ ಇತ್ತು. ಗ್ಯಾಸ್ಕೆಟ್ ಎಲ್ಲಿ ಇರಬೇಕೋ ಅಲ್ಲಿಯೇ ಇತ್ತು. ಥರ್ಮೋಸ್ಟ್ಯಾಟೇ ಕೆಟ್ಟಿತ್ತೋ ಎಂದು ಅಡುಗೆಮನೆಗೆ ಒಯ್ದು, ನೀರಿನ ಪಾತ್ರೆಯಲ್ಲಿ ಹಾಕಿ ಒಲೆಯ ಮೇಲಿಟ್ಟೆ. ನೀರು ಕಾದಂತೆ ಆ ಬಾಗಿಲು ಮೆಲ್ಲನೆ, ಹಟವಿಲ್ಲದೆ ತೆರೆಯಿತು. ಆಗ ನನಗೆ ಹೊಳೆದದ್ದು ಇಷ್ಟೇ: ಕೂಲೆಂಟ್ ತುಂಬಿಸಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು, ಇಂಜಿನ್ ಓಡಿಸಿ, ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಹೋಗುವವರೆಗೆ ಕಾಯಬೇಕು. ಗಾಳಿ ಒಳಗೇ ಉಳಿದರೆ ನೀರು ಓಡುವುದಿಲ್ಲ, ಕಾರು ಕುದಿಯುತ್ತದೆ. ಅಂದು ವಸಂತ ಮಾವ ಕಾಯದೆ ಮುಚ್ಚಳ ಹಾಕಿದರು. ಮುರಿದ ಕೈಯ ನೋವಿನಲ್ಲಿ ಮರೆತರು, ಅದು ತಪ್ಪಲ್ಲ. ಆದರೆ ಗ್ಯಾರೇಜಿನಲ್ಲಿ ಬದುಕಿದವರಿಗೆ ಆಮೇಲಾದರೂ ನೆನಪಾಗಲಿಲ್ಲವೆಂದು ನಾನು ಹೇಗೆ ನಂಬಲಿ? ಇನ್ನೊಂದು ಏಟಿಗೆ ಹೆದರಿ ಅಕ್ಕನನ್ನು ಮುಂದೆ ಮಾಡಿದರು, ಏಟು ಕೊಡುವವರು ಸತ್ತ ಮೇಲೂ, ತಾವು ಸಾಯುವವರೆಗೂ ಬಾಯಿ ಬಿಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಗೆ ಎಸೆದೆ. ಗಾರೆ ಒಡೆದು ಬಿತ್ತು. ಆ ಮನೆಯ ರಕ್ತ ನನ್ನಲ್ಲೂ ಇದೆ.

ಅಮ್ಮ ಜಗಲಿಯಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ಈಗ ಹಲ್ಲಿಲ್ಲ, ಕಿವಿ ಮಾತ್ರ ಚುರುಕು. ಎದುರಿಗೆ ಕೂತು ಥರ್ಮೋಸ್ಟ್ಯಾಟನ್ನು ಅವಳ ಕೈಯಲ್ಲಿ ಇಟ್ಟೆ.

"ಅಮ್ಮಾ, ನೀನು ಸರಿಯಾಗಿಯೇ ಹಾಕಿದ್ದೆ. ಕಾರು ಕುದ್ದದ್ದು ನಿನ್ನಿಂದ ಅಲ್ಲ."

ಅವಳು ಅದನ್ನು ತಿರುವಿ ತಿರುವಿ ನೋಡಿದಳು. ಗಾಳಿಯ ವಿಷಯವನ್ನು ನಾನು ನಿಧಾನಕ್ಕೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿ, ಮಡಿಲಿನ ಸೊಪ್ಪನ್ನು ಬದಿಗಿಟ್ಟಳು.

"ಹಾಗಾದ್ರೆ ನಾನು ಹೋಗಬಹುದಿತ್ತಾ?"

"ಹೌದಮ್ಮ" ಎಂದೆ. ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

ಅಮ್ಮ ಕೈಯೆತ್ತಿ ನನ್ನ ಕೆನ್ನೆಗೆ ಹೊಡೆದಳು. ಕಣ್ಣು ಕತ್ತಲಿಡುವಂಥ ಏಟು. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲ ಇದೆಯೆಂದು ನಾನು ಎಣಿಸಿರಲಿಲ್ಲ. ಆ ಮನೆಯಲ್ಲಿ ಯಾರ ಮೇಲೂ ಕೈ ಮಾಡದೆ ಇದ್ದದ್ದು ಅವಳೊಬ್ಬಳೇ. ಅವಳು ಹೊಡೆಯಬೇಕೆಂದರೆ ಈಗ ದೊಡ್ಡ ಮಾವ ಇಲ್ಲ, ವಸಂತ ಮಾವ ಇಲ್ಲ, ಬೈಯಲು ಅಪ್ಪನೂ ಇಲ್ಲ, ತಲೆ ಬಡಿದುಕೊಳ್ಳಲು ಆ ಗೋಡೆಗಳೂ ಇಲ್ಲ. ಆ ಮನೆಯವರೆಂದು ಅವಳ ಎದುರು ಉಳಿದದ್ದು ನಾನೊಬ್ಬಳೇ. ನಾನು ಅಲುಗಾಡದೆ ಕೂತೆ, ಬೇಕಿದ್ದರೆ ಇನ್ನೂ ಹೊಡೆಯಲಿ ಎಂದು.